ಬೊಂಗ್ಯೋ ಅಕ್ಕನ ಎಣಿಕೆ

ಬೊಂಗ್ಯೋ ಅಕ್ಕ ನನ್ನನ್ನು ಮೊದಲ ಸಲ ಬೈದದ್ದು ನನ್ನದೇ ಗಂಜಿ ಅಂಗಡಿಯಲ್ಲಿ, ನನ್ನದೇ ಗಿರಾಕಿಗಳ ಎದುರಿಗೆ. ಚಳಿಗಾಲದ ಬೆಳಿಗ್ಗೆ. ಹೂಮೀನಿನ ಗಂಜಿಗೆ ಶುಂಠಿ ಉದುರಿಸುತ್ತಾ ಯಾರಿಗೋ ಹೇಳುತ್ತಿದ್ದೆ, "ಇವತ್ತು ಲಿಮ್ ಅವ್ರ ಮೀನಿನ ಹೊಂಡದಲ್ಲಿ ನೂರಾರು ಸೌಟು ಹಕ್ಕಿ ಇಳಿದಿದ್ವಪ್ಪ!" ಮೂಲೆಯ ಮೇಜಿನಲ್ಲಿ ಬಟ್ಟಲಿಗೆ ಚಮಚ ಬಡಿದ ಸದ್ದಾಯಿತು.

"ನೂರಾರು ಅಂದ್ರೆ ಎಷ್ಟೇ?"

"ಅಯ್ಯೋ, ತುಂಬಾ ಇದ್ವು ಅಕ್ಕ."

"ತುಂಬಾ ಅನ್ನೋದು ಒಂದು ಲೆಕ್ಕಾನಾ? ನಿನ್ನ ಗಂಡ ತಡವಾಗಿ ಬಂದ್ರೆ ತಡ ಅಂತ ಸುಮ್ನಿರ್ತೀಯಾ, ಎಷ್ಟು ಹೊತ್ತಿಗೆ ಬಂದೆ ಅಂತ ಕೇಳಲ್ವಾ? ನಲವತ್ತೊಂದು ಇದ್ವು. ಎಣಿಸಕ್ಕೆ ಸೋಮಾರಿತನ ಇದ್ರೆ ಬಾಯಿ ಬಿಡಬಾರ್ದು."

ಗಿರಾಕಿಗಳೆಲ್ಲ ಗೊಳ್ಳೆಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ದಿನ ಅವಳ ಗಂಜಿಗೆ ಮೀನಿನ ಹೊಟ್ಟೆಯ ತುಂಡು ಹಾಕದೆ ಬಾಲದ ತುಂಡು ಹಾಕಿ ಸೇಡು ತೀರಿಸಿಕೊಂಡೆ. ಅವಳು ಅದನ್ನೂ ಮುಳ್ಳು ಬಿಡಿಸಿ ತಿಂದು, ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತಳು.

"ಎಣಿಸೋಕಂತೂ ಬರಲ್ಲ. ಬರೆಯೋಕಾದ್ರೂ ಬರುತ್ತಾ ನಿಂಗೆ, ಲ್ವಾನ್?"

ಅಂದಿನಿಂದ ನಾನು ಅವಳ ಬರಹದವಳು.

ನಮ್ಮ ಕರಾವಳಿಯ ಊರು ಪೆಲಿಯಾವ್‌ನಲ್ಲಿ ಚಳಿಗಾಲದ ಸೌಟು ಹಕ್ಕಿ ಎಣಿಕೆ ಅಂದರೆ ಜನವರಿಯ ಒಂದು ಬೆಳಿಗ್ಗೆ. ಇಡೀ ಕರಾವಳಿಯನ್ನು ತುಂಡು ತುಂಡಾಗಿ ಹಂಚಿಕೊಂಡು, ಒಂದೊಂದು ತುಂಡಿಗೆ ಇಬ್ಬಿಬ್ಬರು ಸ್ವಯಂಸೇವಕರು ನಿಂತು, ಒಂದು ಹಕ್ಕಿ ಎರಡು ಕಡೆ ಲೆಕ್ಕಕ್ಕೆ ಬರಬಾರದು ಅಂತ ಎಲ್ಲರೂ ಒಂದೇ ಹೊತ್ತಿಗೆ ಎಣಿಸುತ್ತೇವೆ. ಸಂಬಳ ಇಲ್ಲ. ಒಂದು ಟೋಪಿ ಕೊಡುತ್ತಾರೆ, ಅದು ಬಡಗಣ ಗಾಳಿಗೆ ಹಾರಿ ಹೊಂಡಕ್ಕೆ ಬೀಳುತ್ತದೆ. ಇಬ್ಬರಲ್ಲಿ ಒಬ್ಬರು ದುರ್ಬೀನಿಗೆ ಕಣ್ಣಿಟ್ಟು ಗಟ್ಟಿಯಾಗಿ ಎಣಿಸಬೇಕು, ಇನ್ನೊಬ್ಬರು ಬರೆಯಬೇಕು. ಬರೆಯುವವರು ನೋಡುವ ಹಾಗಿಲ್ಲ. ಕಣ್ಣಿಟ್ಟವರು ಹೇಳಿದ್ದೇ ಸಂಖ್ಯೆ, ಹಾಳೆಯ ಕೆಳಗೆ ಅವರದೇ ಸಹಿ. ಇಷ್ಟು ವರ್ಷಗಳಲ್ಲಿ ಎಣಿಕೆಯ ದಿನ ನಾನು ಕಂಡದ್ದು ಬೊಂಗ್ಯೋ ಅಕ್ಕನ ಬೆನ್ನು, ಅವಳ ಹೂವಿನ ಚಿತ್ತಾರದ ತೋಳುಗವಸು ಮತ್ತು ಹ್ಯಾಟಿನ ಮೇಲೆ ಬಿಗಿದು ಕಟ್ಟಿದ ವಸ್ತ್ರ, ಇಷ್ಟೇ.

ಅವಳು ಎಣಿಸುವುದನ್ನು ಕೇಳಲು ಪಕ್ಕದ ತುಂಡಿನವರು ಕೆಲಸ ಮುಗಿಸಿ ಓಡಿ ಬರುತ್ತಿದ್ದರು. ಅವಳು ಹಾಡಿ ಎಣಿಸುತ್ತಾಳೆ. ಹುಡುಗಿಯಾಗಿದ್ದಾಗ ಅವಳು ಮರಿಮೀನು ಎಣಿಸುವವಳಾಗಿದ್ದಳು. ಹೂಮೀನಿನ ಮರಿ ಅಂದರೆ ಎರಡು ಕಣ್ಣು ಬಿಟ್ಟರೆ ಮತ್ತೇನೂ ಕಾಣದ, ಕೂದಲಿನಷ್ಟು ತೆಳ್ಳಗಿನ ಜೀವ. ಬೋಗುಣಿಯಿಂದ ಚಿಪ್ಪಿನಲ್ಲಿ ಐದೈದು ಮರಿಗಳನ್ನು ಒಂದೇ ಸಲ ಎತ್ತಿ ಇನ್ನೊಂದು ಬೋಗುಣಿಗೆ ಬಿಡುತ್ತಾ, ಮಾರುವವನಿಗೂ ಕೊಳ್ಳುವವನಿಗೂ ಕೇಳುವ ಹಾಗೆ ಹಾಡಬೇಕು. ಐದು ಬಂತೋ, ಹತ್ತು ಬಂತೋ, ಹತ್ತರ ಮೇಲೆ ಐದು ಬಂತೋ. ಹಾಡು ನಿಂತರೆ ಲೆಕ್ಕ ತಪ್ಪಿತು ಅಂತ ಅರ್ಥ, ಎಲ್ಲವನ್ನೂ ಮೊದಲ ಬೋಗುಣಿಗೆ ಸುರಿದು ಮತ್ತೆ ಶುರು. ಈಗ ಮರಿಗಳನ್ನು ಯಾರೂ ಹಾಡಿ ಎಣಿಸುವುದಿಲ್ಲ. ಅವಳು ಆ ಹಾಡನ್ನು ಹಕ್ಕಿಗಳಿಗೆ ಹಾಡಿದಳು, ಐದೈದನ್ನೇ ಕಣ್ಣಲ್ಲಿ ಎತ್ತಿಕೊಂಡು.

ಅವಳ ಹೆಸರಿನ ಬಗ್ಗೆ ಹೇಳಬೇಕು. ಬೊಂಗ್ಯೋ ಅಂದರೆ ಹುಟ್ಟಿದ್ದಾಯಿತಲ್ಲ, ಇನ್ನೇನು, ಸಾಕೋಣ ಅಂತ. ಆ ಕಾಲದಲ್ಲಿ ಎರಡನೆಯದೂ ಹೆಣ್ಣಾದರೆ ಇಡುತ್ತಿದ್ದ ಹೆಸರು ಅದು, ಊರಿಗೆ ನಾಲ್ಕು ಜನ ಸಿಗುತ್ತಿದ್ದರು. ಹೆಸರಿಗೆ ಅವಳು ಸಿಟ್ಟಾಗಲಿಲ್ಲ. ಅವಳ ಸಿಟ್ಟಿಗೆ ಬೇರೆ ಹುಟ್ಟು ಇದೆ. ಯಾರೋ ದೊಡ್ಡ ಮೀನು ವ್ಯಾಪಾರಿ ಮನೆಗೆ ಬಂದಿದ್ದನಂತೆ. ಐದೂ ಮಕ್ಕಳು ಅಂಗಳದಲ್ಲಿ ನಿಂತಿದ್ದರು. ಎಷ್ಟು ಮಕ್ಕಳು ಅಂತ ವ್ಯಾಪಾರಿ ಕೇಳಿದ. ಅಪ್ಪ ಹೇಳಿದ, ಮೂರು. ಗಂಡುಮಕ್ಕಳು ಮೂರೇ ಇದ್ದರು ಅನ್ನುವುದು ನಿಜ. ಆದರೆ ಚಹಾದ ಲೋಟ ಹಿಡಿದು ಆ ವ್ಯಾಪಾರಿಯ ಮುಂದೆ ನಿಂತಿದ್ದವಳು ಬೊಂಗ್ಯೋ ಅಕ್ಕ.

"ಕಣ್ಣೆದುರಿಗಿದ್ದೆ ಕಣೇ," ಅಂತ ಅವಳು ನನಗೆ ಹೇಳಿದ್ದಾಳೆ, ಅದೂ ಎಷ್ಟೋ ಸಲ. "ಲೋಟ ನನ್ನ ಕೈಲಿತ್ತು. ನಮ್ಮಪ್ಪ, ಆ ಮುದುಕ, ಲೋಟ ನೋಡಿದ, ಕೈ ನೋಡಲಿಲ್ಲ."

ಮುಂದೆ ಅಪ್ಪನ ಹೊಂಡಗಳು ಮೂರು ಪಾಲಾದವು. ಪಾಲು ಬೇಡ ಅನ್ನುವ ಹಾಳೆಗೆ, ಸಹಿಯ ಜಾಗದಲ್ಲಿ, ಹೆಣ್ಣುಮಕ್ಕಳ ಮೊಹರನ್ನು ಅಣ್ಣತಮ್ಮಂದಿರೇ ತಂದು ಒತ್ತಿದರು. ಅವಳಿಗೆ ಉಳಿದದ್ದು ಗಂಡ ಲಿಮ್‌ನ ಹೊಂಡ, ಅಪ್ಪನ ಹೊಂಡಗಳ ಪಕ್ಕದ್ದೇ, ನಡುವೆ ಒಂದು ಮಣ್ಣಿನ ಏರಿ. ಗಂಡ ಹೋದ ಮೇಲೂ ಅದನ್ನು ಅವಳೇ ನಡೆಸಿದಳು. ಹಕ್ಕಿ ಎಣಿಕೆಗೆ ಅವಳು ಬಿದ್ದದ್ದೂ ಒಂದು ಜಗಳದಿಂದಲೇ. ತೈನಾನ್ ಪಟ್ಟಣದಿಂದ ಬಂದ ಪಕ್ಷಿ ಸಂಘದವರು ರಸ್ತೆಯ ಮೇಲೆ ನಿಂತು ಅವಳ ಹೊಂಡದ ಹಕ್ಕಿಗಳನ್ನು ಬರೆದುಕೊಂಡು ಹೊರಟಿದ್ದರು. ಈ ಯಮ್ಮ ಏರಿಯ ಮೇಲಿಂದ ಕೂಗಿದಳು, "ಏಯ್! ಮೋಟರಿನ ಗುಡಿಸಲ ಹಿಂದೆ ನಾಲ್ಕು ಇದಾವೆ, ಅವೇನು ನಿಮ್ಮಪ್ಪನ ಮನೆ ಕೋಳಿಗಳಾ? ಅವನ್ನ ಯಾರು ಬರೀತಾರೆ?" ಸಂಘದ ಸೋ ಮೇಷ್ಟ್ರು ಹಿಂತಿರುಗಿ ಬಂದು, ಬಗ್ಗಿ ನೋಡಿ, ನಾಲ್ಕು ಸೇರಿಸಿಕೊಂಡರು. ಮರುವರ್ಷ ಅವಳ ಕೈಗೇ ದುರ್ಬೀನು ಕೊಟ್ಟರು.

ಸೋ ಮೇಷ್ಟ್ರು ಒಳ್ಳೆಯ ಮನುಷ್ಯ. ನಿವೃತ್ತಿಗೆ ಮುಂಚೆ ಜೀವಶಾಸ್ತ್ರ ಕಲಿಸುತ್ತಿದ್ದವರು, ಎಣಿಕೆಯನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಆದರೆ ಅವರಿಗೆ ಜಗಳ ಅಂದರೆ ಆಗದು. ಯಾರಾದರೂ ದನಿ ಎತ್ತಿದರೆ ಕನ್ನಡಕ ತೆಗೆದು ಒರೆಸುತ್ತಾರೆ. ಒರೆಸಿ ಒರೆಸಿ ಗಾಜು ಸವೆದುಹೋಗಿರಬೇಕು.

ಈಗ ಸೋಲಾರ್ ಕಂಪನಿಯ ಮಾತಿಗೆ ಬರುತ್ತೇನೆ. ಬಂದರೆ ನನ್ನ ರಕ್ತ ಕುದಿಯುತ್ತದೆ, ಆದರೂ ಬರಲೇಬೇಕು. ಬಿಸಿಲಿನಿಂದ ಕರೆಂಟು ಮಾಡಬೇಡಿ ಅಂತ ಯಾರೂ ಹೇಳಲಿಲ್ಲ. ತೈನಾನ್‌ನಲ್ಲಿ ಎಷ್ಟು ಮಾಳಿಗೆಗಳು ಖಾಲಿ ಬಿದ್ದಿಲ್ಲ? ಅವನ್ನೆಲ್ಲ ಬಿಟ್ಟು, ಚಳಿಗಾಲಕ್ಕೆ ಹಕ್ಕಿ ಇಳಿಯುವ ಹೊಂಡಗಳ ಮೇಲೇ ಸೋಲಾರ್ ಹಲಗೆ ಹಾಸಬೇಕಂತೆ. ಅದಕ್ಕೆ ಸರ್ಕಾರದವರು ಒಂದು ನಿಯಮ ಮಾಡಿದರು. ಎಣಿಕೆಯಲ್ಲಿ ಸತತ ಎರಡು ಚಳಿಗಾಲ ಒಂದೂ ಸೌಟು ಹಕ್ಕಿ ಕಾಣದ ತುಂಡನ್ನು ಹಕ್ಕಿಗೆ ಬೇಡದ ಜಾಗ ಅಂತ ಬಿಟ್ಟುಕೊಡುವುದು. ನಿಯಮ ಕೇಳಲು ಚೆನ್ನಾಗಿಯೇ ಇದೆ. ಸೋ ಮೇಷ್ಟ್ರೂ ತಲೆಯಾಡಿಸಿದರು.

ನಾವಿಬ್ಬರು ಎಣಿಸುವ ಏಳನೆಯ ತುಂಡಿನಲ್ಲಿ ಬೊಂಗ್ಯೋ ಅಕ್ಕನ ಹೊಂಡದ ಜೊತೆಗೆ ಅವಳ ಅಪ್ಪನ ಹೊಂಡಗಳೂ ಇದ್ದವು. ಮೂರೂ ಪಾಲು ಕೈಬದಲಾಗಿ ಕೊನೆಗೆ ಅವಳ ಕಿರಿಯ ತಮ್ಮನ ಮಗ ಕೆನ್‌ಹೊಂಗ್‌ಗೆ ಸೇರಿದ್ದವು. ಅವನು ಕಂಪನಿಗೆ ಗುತ್ತಿಗೆಗೆ ಬರೆದುಕೊಟ್ಟ. ಬರೆದುಕೊಟ್ಟದ್ದಲ್ಲದೆ ಅದೇ ಕಂಪನಿಯ ಕೋಟು ತೊಟ್ಟು, ಊರಿನ ಬೇರೆ ಹೊಂಡದವರನ್ನು ಒಪ್ಪಿಸುವ ಕೆಲಸಕ್ಕೂ ಸೇರಿಕೊಂಡ. ಈ ಹುಡುಗನನ್ನು ಸಾಕಿದ್ದು ಬೊಂಗ್ಯೋ ಅಕ್ಕ. ಅವನ ಅಮ್ಮ ಪಟ್ಟಣದ ಕಾರ್ಖಾನೆಯಲ್ಲಿದ್ದಾಗ ಅವನು ಏರಿಯ ಮೇಲೆ, ಇವಳ ಬೆನ್ನಿನ ಜೋಲಿಯಲ್ಲಿ, ಇವಳ ಎಣಿಕೆಯ ಹಾಡು ಕೇಳುತ್ತಾ ನಿದ್ದೆ ಮಾಡಿ ಬೆಳೆದವನು.

ಸೌಟು ಹಕ್ಕಿಗೆ ನೀರು ಮೊಣಕಾಲಿನಷ್ಟಿರಬೇಕು, ಹಕ್ಕಿಯ ಮೊಣಕಾಲು. ಕರಿಮೊಗದ ಆ ಬಿಳಿ ಹಕ್ಕಿ ಚಪ್ಪಟೆ ಕೊಕ್ಕನ್ನು ನೀರಿಗಿಟ್ಟು ಅತ್ತಿಂದಿತ್ತ ಕಲಕುತ್ತಾ ನಡೆಯುತ್ತದೆ, ಸಾರಿಗೆ ಸೌಟು ಹಾಕಿ ತಿರುವಿದ ಹಾಗೆ. ನೀರು ಆಳವಾದರೆ ಅದಕ್ಕೆ ನಿಲ್ಲಲು ಆಗುವುದಿಲ್ಲ. ನಮ್ಮ ಊರಿನ ಕ್ರಮವೇನೆಂದರೆ, ಮೀನು ಹಿಡಿದಾದ ಮೇಲೆ ತೂಬು ತೆಗೆದು ನೀರು ಇಳಿಸಿ, ತಳದ ಕೆಸರನ್ನು ಬಿಸಿಲಿಗೆ ಬಿಡುವುದು. ತಳದಲ್ಲಿ ಉಳಿದ ಸಣ್ಣ ಮೀನು, ಸೀಗಡಿ ಹಕ್ಕಿಗೆ. ಯಾರ ಹೊಂಡ ಇಳಿಯಿತೋ ಅಲ್ಲಿಗೆ ಹಿಂಡು ಬರುತ್ತದೆ, ಅದು ಮುಗಿದರೆ ಪಕ್ಕದ್ದಕ್ಕೆ. ಅಜ್ಜಂದಿರ ಕಾಲದಿಂದಲೂ ಹೀಗೆಯೇ.

ಹೋದ ಚಳಿಗಾಲ ಕೆನ್‌ಹೊಂಗ್ ತೂಬು ತೆಗೆಯಲಿಲ್ಲ. ಮೀನು ಹಿಡಿದು ಮುಗಿದಿತ್ತು, ಹೊಂಡಗಳಲ್ಲಿ ಏನೂ ಇರಲಿಲ್ಲ, ಆದರೂ ಮೋಟರು ಹಾಕಿ ಏರಿಯ ಅಂಚಿನವರೆಗೆ ನೀರು ತುಂಬಿಸಿದ. ಅಕ್ಕನ ಹೊಂಡದಲ್ಲಿ, ಎಣಿಕೆಯ ನಂತರ ಬರುವ ನಮ್ಮ ಚಾಂದ್ರಮಾನ ಹೊಸ ವರ್ಷದ ಹಬ್ಬಕ್ಕೆಂದು ಬಿಟ್ಟುಕೊಂಡ ಮೀನು ಇತ್ತು, ಅಲ್ಲೂ ಆಳ. ಎಣಿಕೆಯ ಬೆಳಿಗ್ಗೆ ಅವಳು ದುರ್ಬೀನನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದಳು. ಹಾಡು ಬರಲಿಲ್ಲ.

"ಬರಿ," ಅಂದಳು. "ಸೊನ್ನೆ."

ಅವತ್ತೇ ಅವಳು ಹಲ್ಲು ಕಚ್ಚಿಕೊಂಡು ನೇರವಾಗಿ ಅವನ ಮನೆಗೆ ಹೋದಳು. ನಾನೂ ಹೋದೆ, ಹೊಡೆದಾಟವಾದರೆ ಬಿಡಿಸಲಿಕ್ಕೆ.

"ಮೀನಿಲ್ಲದ ಹೊಂಡಕ್ಕೆ ನೀರು ಯಾಕೋ ತುಂಬಿಸಿದೀಯ? ಅದರಲ್ಲಿ ನಿನ್ನ ಹೆಂಡತಿ ಈಜಾಡ್ತಾಳಾ?"

"ದೊಡ್ಡತ್ತೆ, ಒಳಗೆ ಬನ್ನಿ, ಚಹಾ ಕುಡೀರಿ."

"ಚಹಾ ನಿನ್ನ ಕಂಪನಿಗೆ ಕುಡಿಸು. ನೀರು ಯಾಕೆ?"

"ಅದು ನಿರ್ವಹಣೆ, ದೊಡ್ಡತ್ತೆ. ಏರಿ ಬಿರುಕು ಬಿಡಬಾರ್ದು ಅಂತ. ನನ್ನ ಹೊಂಡ, ನನ್ನ ನೀರು."

"ನಿನ್ನ ಹೊಂಡ!" ಅವಳ ದನಿಗೆ ಪಕ್ಕದ ಮನೆಯ ನಾಯಿ ಬೊಗಳಲು ಶುರುಮಾಡಿತು. "ಆ ಹೊಂಡ ತೋಡುವಾಗ ಕೆಸರು ಹೊತ್ತಿದ್ದು ಈ ತಲೆ ಕಣೋ. ನಿಮ್ಮಪ್ಪ ಆಗ ಜೋಲೀಲಿ ಮಲಗಿ ಹೆಬ್ಬೆಟ್ಟು ಚೀಪ್ತಿದ್ದ."

ಅವನು ತಲೆ ತಗ್ಗಿಸಿ ಮೊಬೈಲು ನೋಡಿದ. ತಪ್ಪು ಮಾಡಿದವರು ಹೀಗೆ ಮೊಬೈಲು ನೋಡುವುದನ್ನು ಕಂಡರೆ ನನಗೆ ಅದನ್ನು ಕಿತ್ತು ಗಂಜಿ ಹಂಡೆಗೆ ಎಸೆಯೋಣ ಅನ್ನಿಸುತ್ತದೆ.

ಈ ಚಳಿಗಾಲವೂ ನೀರು ಹಾಗೆಯೇ ನಿಂತಿತು. ಇನ್ನೊಂದು ಸೊನ್ನೆ ಬಿದ್ದರೆ ಏಳನೆಯ ತುಂಡು ಮುಗಿಯಿತು. ಅವಳ ಅಪ್ಪನ ಹೊಂಡಗಳ ಮೇಲೆ ಹಲಗೆ ಬೀಳುತ್ತದೆ, ಹಲಗೆಗಳ ನಡುವೆ ಅವಳ ಒಂದು ಹೊಂಡಕ್ಕೆ ಯಾವ ಹಕ್ಕಿಯೂ ಇಳಿಯುವುದಿಲ್ಲ. ಕಂಪನಿಯವರು ಕಬ್ಬಿಣದ ಕಂಬಗಳನ್ನು ಆಗಲೇ ತಂದು ರಸ್ತೆ ಬದಿ ಪೇರಿಸಿಟ್ಟಿದ್ದರು. ಎಂಥ ಭರವಸೆ ನೋಡಿ, ಸೊನ್ನೆಯ ಮೇಲೆ.

ಎಣಿಕೆಗೆ ಇನ್ನೂ ಕೆಲವು ದಿನ ಇರುವಾಗ ನಾನು ಬಟ್ಟಲು ತೊಳೆಯುತ್ತಾ ಅವಳಿಗೆ ಹೇಳಿದೆ, "ಅಕ್ಕ, ಹೋದ ವಾರ ಆ ಕಡೆ ತುಂಡಿನ ಉಪ್ಪಿನ ಗದ್ದೇಲಿ ಐವತ್ತು ಅರವತ್ತು ಇದ್ವು. ಅವು ನಮ್ಮ ಹಕ್ಕಿಗಳೇ ತಾನೆ? ನೀರು ತುಂಬಿಸಿ ಓಡಿಸಿದ್ದು ಅವನು. ನೀನು ಬಾಯಲ್ಲಿ ಒಂದು ಐದು ಅನ್ನು, ನಾನು ಬರೀತೀನಿ. ಯಾರು ಬಂದು ನೋಡ್ತಾರೆ?"

ಅವಳು ಎದ್ದು ನಿಂತಳು. ಹೊಡೆದೇಬಿಡುತ್ತಾಳೆ ಅಂದುಕೊಂಡೆ.

"ಇಲ್ಲದ್ದನ್ನ ಇದೆ ಅಂತ ಬರಿಯೋದೂ, ಇರೋದನ್ನ ಇಲ್ಲ ಅಂತ ಬರಿಯೋದೂ ಎರಡೂ ಒಂದೇ ಕಣೇ, ಹಲ್ಕಾ ಕೆಲಸ. ನನ್ನ ಅಪ್ಪನ ಬುದ್ಧಿ ನನಗೆ ಹೇಳಿಕೊಡ್ತೀಯಾ? ಇನ್ನೊಂದ್ಸಲ ಈ ಮಾತಾಡಿದ್ರೆ ನಿನ್ನ ಅಂಗಡಿ ಮೆಟ್ಟಿಲು ಹತ್ತಲ್ಲ."

ಮರುದಿನ ಅವಳು ಮೀನು ಹಿಡಿಯುವ ತಂಡದವರಿಗೆ ಹೇಳಿಕಳಿಸಿದಳು. ಊರೆಲ್ಲ ಮೂಗಿನ ಮೇಲೆ ಬೆರಳಿಟ್ಟಿತು. ಹಬ್ಬಕ್ಕೆ ಇನ್ನೂ ದಿನವಿದೆ, ಮೀನು ಇನ್ನೂ ಮೈ ತುಂಬಿಕೊಂಡಿಲ್ಲ, ಬೆಲೆ ಏರುವ ಮುಂಚೆ ಯಾರಾದರೂ ಹಿಡಿಯುತ್ತಾರೆಯೇ? ಎದೆಮಟ್ಟದ ನೀರಿನಲ್ಲಿ ಬಲೆ ಎಳೆಯುತ್ತಾ ತಂಡದ ಮೇಸ್ತ್ರಿ ಕೂಗಿದ, "ಬೊಂಗ್ಯೋ ಅಕ್ಕ, ತಲೆ ಕೆಟ್ಟಿದೆಯಾ ನಿಂಗೆ? ಹಬ್ಬದಲ್ಲಿ ಬರೋ ಲಾಭ ಎಲ್ಲ ಹೋಯ್ತಲ್ಲ!"

"ನನ್ನ ತಲೆ, ನನ್ನ ಮೀನು. ನೀನು ಬಲೆ ಎಳಿ, ಬಾಯಿ ಎಳೀಬೇಡ."

ಮೀನಿನ ಬುಟ್ಟಿಗಳು ಹೋದ ಮೇಲೆ ಅವಳೇ ಮೊಣಕಾಲಿನವರೆಗೆ ಇಳಿದು ತೂಬಿನ ಹಲಗೆಗಳನ್ನು ಒಂದೊಂದಾಗಿ ಎತ್ತಿದಳು. ಎಪ್ಪತ್ತು ದಾಟಿದ ಹೆಂಗಸು. ನಾನು ಕೈ ಹಾಕಲು ಹೋದರೆ ಗದರಿದಳು. ನೀರು ಕಾಲುವೆಗೆ ನುಗ್ಗಿತು. ಪಕ್ಕದಲ್ಲಿ ಅವಳ ಅಪ್ಪನ ಹೊಂಡಗಳು ಅಂಚು ತುಂಬಿ ಕನ್ನಡಿಯಂತೆ ಹೊಳೆಯುತ್ತಿದ್ದವು. ಒಂದು ಕೊಕ್ಕರೆಯೂ ಅಲ್ಲಿರಲಿಲ್ಲ. ಕೆಸರು ಮೇಲೆದ್ದು ವಾಸನೆ ಬರತೊಡಗಿದ ಮೇಲೆ ಮೊದಲು ಬೆಳ್ಳಕ್ಕಿ ಬಂದವು. ಅವಳು ಏರಿಯ ಮೇಲೆ ಕೂತು ಕಾದಳು. ಸೌಟು ಹಕ್ಕಿ ಬರುತ್ತವೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಉಪ್ಪಿನ ಗದ್ದೆಯಲ್ಲಿ ಅವಕ್ಕೆ ತಿನ್ನಲು ಇದ್ದರೆ ಇಲ್ಲಿಗೆ ಯಾಕೆ ಬರಬೇಕು? ಅವಕ್ಕೇನು ನಮ್ಮ ನಿಯಮ ಗೊತ್ತೇ?

ಎಣಿಕೆಯ ಬೆಳಿಗ್ಗೆ ಗಾಳಿ ಜೋರು. ನಾನು ಬಿಸಿ ಚಹಾದ ಫ್ಲಾಸ್ಕು, ಹಾಳೆ, ಪೆನ್ಸಿಲು ಹಿಡಿದು ಏರಿಗೆ ಹೋಗುವಷ್ಟರಲ್ಲಿ ಅವಳು ದುರ್ಬೀನಿಗೆ ಬಗ್ಗಿದ್ದಳು. ಬೆನ್ನು ನೋಡಿಯೇ ನನಗೆ ಗೊತ್ತಾಯಿತು. ಹಾಡು ಶುರುವಾಯಿತು.

"ಐದು ಬಂತೋ, ಹತ್ತು ಬಂತೋ, ಹತ್ತರ ಮೇಲೆ ಐದು ಬಂತೋ..."

ನನ್ನ ಕಣ್ಣು ಮಂಜಾಯಿತು, ಗಾಳಿಗೆ ಅಂತ ಇಟ್ಟುಕೊಳ್ಳಿ. ಹಾಡು ಎಲ್ಲೂ ತಡವರಿಸದೆ ಅರವತ್ತರವರೆಗೆ ಏರಿ, ಅದರ ಮೇಲೆ ಎರಡಕ್ಕೆ ನಿಂತಿತು.

"ಬರಿ. ಅರವತ್ತೆರಡು."

ಬರೆದೆ. ಅವಳು ಸಹಿ ಹಾಕಲು ಪೆನ್ಸಿಲು ತೆಗೆದುಕೊಂಡಾಗ ಹಿಂದೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಸೋ ಮೇಷ್ಟ್ರು ಇಳಿದರು, ಜೊತೆಗೆ ಕಂಪನಿಯ ಕೋಟಿನಲ್ಲಿ ಕೆನ್‌ಹೊಂಗ್.

ಮೇಷ್ಟ್ರು ಮಾತು ಶುರುಮಾಡುವ ಮುಂಚೆಯೇ ಕನ್ನಡಕ ತೆಗೆದರು. ಆಗಲೇ ನನಗೆ ಸಂಶಯ ಬಂತು.

"ಬೊಂಗ್ಯೋ ಅವ್ರೆ, ಒಂದು ಸಣ್ಣ ತೊಂದರೆ ಆಗಿದೆ. ಕಂಪನಿಯವರು ಒಂದು ಆಕ್ಷೇಪಣೆ ಎತ್ತಿದಾರೆ. ಎಣಿಕೆ ಹತ್ರ ಬಂದಾಗ ನೀವು ಬೇಕು ಅಂತಲೇ ನೀರು ಇಳಿಸಿದೀರಿ, ಅದು ಹಕ್ಕಿಗೆ ಆಮಿಷ ಒಡ್ಡಿದ ಹಾಗೆ ಅಂತ. ಜೊತೆಗೆ ಹೊಂಡದ ಯಜಮಾನಿಯೇ ಎಣಿಸಿದ್ರೆ..."

"ಆಮಿಷ?" ಬೊಂಗ್ಯೋ ಅಕ್ಕ ಪೆನ್ಸಿಲನ್ನು ನನ್ನ ಕೈಗೆ ಕೊಟ್ಟಳು. ಅವಳು ಕೈ ಖಾಲಿ ಮಾಡಿಕೊಂಡರೆ ಹೆದರಬೇಕು. "ಅವನು ಖಾಲಿ ಹೊಂಡಕ್ಕೆ ನೀರು ತುಂಬಿಸಿದ್ರೆ ನಿರ್ವಹಣೆ. ನಾನು ಮೀನು ಹಿಡಿದು ನೀರು ಇಳಿಸಿದ್ರೆ ಆಮಿಷ. ಮೇಷ್ಟ್ರೇ, ಇದನ್ನ ನಿಮಗೆ ಯಾವ ಶಾಲೇಲಿ ಕಲಿಸಿದ್ರು?"

"ನಾನು ಹೇಳ್ತಿಲ್ಲ, ಅವರು ಹೇಳ್ತಾರೆ ಅಂತ..."

"ಹೋದ ವರ್ಷ ಸೊನ್ನೆ ಬಿದ್ದಾಗ ಅವ್ನ ನೀರು ಯಾಕೆ ಅಂತ ನೀವು ಕೇಳಿದ್ರಾ? ಇಲ್ಲ. ಸೊನ್ನೆಗೆ ಯಾರೂ ಕಾರಣ ಕೇಳಲ್ಲ. ಇವತ್ತು ಅರವತ್ತೆರಡು ಇಳಿದಿದಾವೆ, ಕಾರು ಹತ್ತಿ ಓಡಿ ಬಂದಿದೀರಿ."

ಮೇಷ್ಟ್ರು ಗಾಜು ಒರೆಸಿದರು. ಕೆನ್‌ಹೊಂಗ್‌ಗೆ ಅಷ್ಟರಲ್ಲಿ ಧೈರ್ಯ ಬಂದಿತ್ತು.

"ಅರವತ್ತೆರಡಾ?" ಅಂದ ಅವನು. "ದೊಡ್ಡತ್ತೆ, ಅಷ್ಟು ಎಲ್ಲಿದಾವೆ? ಬೆಳ್ಳಕ್ಕೀನೂ ಸೇರಿಸಿದೀರ. ನಿಮಗೆ ಕಣ್ಣಿನ ಆಪರೇಷನ್ ಆಗಿದೆ, ಎಲ್ರಿಗೂ ಗೊತ್ತು."

ನಾನು ಫ್ಲಾಸ್ಕನ್ನು ಎದೆಗವಚಿಕೊಂಡೆ. ಅವಳು ಅವನ ಕಪಾಳಕ್ಕೆ ಬಿಟ್ಟಿದ್ದರೆ ನಾನು ಬಿಡಿಸುತ್ತಿರಲಿಲ್ಲ. ಆದರೆ ಅವಳು ದುರ್ಬೀನಿನಿಂದ ಪಕ್ಕಕ್ಕೆ ಸರಿದು ನಿಂತಳು.

"ಬಾ. ಕಣ್ಣಿಡು. ನಿನ್ನ ಹೊಸ ಕಣ್ಣಲ್ಲಿ ಎಷ್ಟು ಕಾಣುತ್ತೋ ಹೇಳು. ನಾನು ಒಂದು ಹಕ್ಕಿ ಜಾಸ್ತಿ ಹೇಳಿದ್ರೆ ಈ ಹಾಳೆ ಹರಿದು ಕಾಲುವೆಗೆ ಹಾಕ್ತೀನಿ."

"ಮೇಷ್ಟ್ರೇ, ನೀವೇ ಸಾಕ್ಷಿ," ಅಂದ ಅವನು. ಮುಖದಲ್ಲಿ ಗೆಲುವಿನ ಕಳೆ. ಒಂದು ಹಕ್ಕಿ ಕಮ್ಮಿ ಸಿಕ್ಕಿದರೆ ಸಾಕು, ಮುದುಕಿ ಸುಳ್ಳಿ ಅಂತ ಇಡೀ ಎಣಿಕೆಯನ್ನೇ ತಳ್ಳಿಹಾಕಬಹುದು. ಕೋಟಿನ ತೋಳು ಮಡಿಸಿ ಬಗ್ಗಿದ.

ಅವನು ಬೆರಳು ಮಡಚುತ್ತಾ ಮೆಲ್ಲಗೆ ಶುರುಮಾಡಿದ. ತಪ್ಪು ಹಿಡಿಯಬೇಕಿತ್ತಲ್ಲ, ಒಂದನ್ನೂ ಬಿಡದ ಹಾಗೆ ಒಂದೊಂದನ್ನೇ ಎಣಿಸಿದ. ಇಪ್ಪತ್ತು ದಾಟುವಷ್ಟರಲ್ಲಿ ಅವನ ದನಿ ತಾನಾಗಿಯೇ ಏರಿಳಿಯತೊಡಗಿತು. ಮೂವತ್ತಾಯ್ತೋ, ಮೂವತ್ತೊಂದು ಬಂತೋ. ಅವನಿಗೇ ಗೊತ್ತಿರಲಿಲ್ಲ ಅನ್ನಿಸುತ್ತದೆ, ಬಾಯಿ ಹಾಡುತ್ತಿತ್ತು. ಬೊಂಗ್ಯೋ ಅಕ್ಕನ ಮುಖ ನೋಡಿದೆ. ಅದು ಸಡಿಲಾಗಲಿಲ್ಲ. ದವಡೆ ಇನ್ನೂ ಬಿಗಿಯಿತು.

"ಅರವತ್ತು ಬಂತೋ, ಅರವತ್ತೊಂದು, ಅರವತ್ತೆರಡು..." ಅವನು ನಿಂತ. ದುರ್ಬೀನನ್ನು ಕೂದಲೆಳೆಯಷ್ಟು ತಿರುಗಿಸಿದ. ಆಮೇಲೆ ನೆಟ್ಟಗೆ ನಿಂತು, ಕೈ ಚಾಚಿ, ಊರಿಗೆಲ್ಲ ಕೇಳುವ ಹಾಗೆ ಕೂಗಿದ, "ಅರವತ್ತಮೂರು! ಅರವತ್ತಮೂರು ಇದಾವೆ! ನೋಡಿ ಮೇಷ್ಟ್ರೇ, ಇವರು ತಪ್ಪು! ಹೇಳಲಿಲ್ವಾ ನಾನು, ತಪ್ಪು ಅಂತ?"

ಚಾಚಿದ ಅವನ ಕೈ ಹಾಗೆಯೇ ಇತ್ತು. ತಾನೇನು ಹೇಳಿದೆ ಅನ್ನುವುದು ಅವನ ಮುಖಕ್ಕೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನನಗೆ ನಗು ಬಂದು, ಚಹಾ ಕುಡಿದ ಹಾಗೆ ಮಾಡಿ ನುಂಗಿಕೊಂಡೆ.

"ಸುಳ್ಳು," ಅಂದಳು ಬೊಂಗ್ಯೋ ಅಕ್ಕ. ಅವನನ್ನು ಭುಜ ಹಿಡಿದು ಪಕ್ಕಕ್ಕೆ ತಳ್ಳಿ ಬಗ್ಗಿದಳು. ಈ ಸಲ ಹಾಡಲಿಲ್ಲ. ಬಹಳ ಹೊತ್ತು ನೋಡಿದಳು. ಗಾಳಿಗೆ ಎದುರಾಗಿ ಹಕ್ಕಿಗಳು ಸಾಲಾಗಿ ನಿಂತಿದ್ದವಂತೆ. ಸಾಲಿನ ಹಿಂದೆ, ದೊಡ್ಡದೊಂದರ ಮರೆಯಲ್ಲಿ, ಕೊಕ್ಕನ್ನು ಬೆನ್ನಿನ ಗರಿಗೆ ತುರುಕಿ ಈ ವರ್ಷದ ಮರಿಯೊಂದು ಕಾಲು ಮಡಿಸಿ ಕೂತಿತ್ತಂತೆ. ಐದೈದು ಎತ್ತುವ ಕಣ್ಣಿಗೆ ಅದು ಸಿಕ್ಕಿರಲಿಲ್ಲ.

ಅವಳು ನೆಟ್ಟಗಾದಾಗ ಮುಖ ಕೆಂಪಾಗಿತ್ತು.

"ಲ್ವಾನ್, ನನ್ನದು ಹೊಡೆದುಹಾಕು. ಅರವತ್ತಮೂರು ಬರಿ. ಹಾಳೆ ಅವನಿಗೆ ಕೊಡು."

"ನನಗ್ಯಾಕೆ?" ಅಂದ ಕೆನ್‌ಹೊಂಗ್ ಹಿಂದೆ ಸರಿದು.

ಆಗ ಸೋ ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಅಷ್ಟು ವರ್ಷಗಳಲ್ಲಿ ಅವರು ಗಟ್ಟಿಯಾಗಿ ಹೇಳಿದ ಒಂದು ಮಾತು ಇದು. "ಕಣ್ಣಿಟ್ಟವರದ್ದೇ ಸಹಿ, ಕೆನ್‌ಹೊಂಗ್. ಯಜಮಾನಿ ಎಣಿಸಬಾರದು ಅಂದ್ರಿ, ಸರಿ. ಕಂಪನಿಯವರೇ ಎಣಿಸಿದ್ರಿ. ಕಂಪನಿ ಎಣಿಕೆಗೆ ಕಂಪನಿ ಆಕ್ಷೇಪಣೆ ಎತ್ತೋ ಹಾಗಿಲ್ಲ."

"ನನ್ನ ಕೆಲಸ ಹೋಗುತ್ತೆ ಮೇಷ್ಟ್ರೇ."

"ಕಂಡದ್ದನ್ನ ಕಂಡೆ ಅಂತ ಹೇಳಿದ್ರೆ ಹೋಗೋ ಕೆಲಸ ಎಂಥದ್ದೋ?" ಅಂದಳು ಅಕ್ಕ. "ಈಗ ತಾನೆ ಊರಿಗೆಲ್ಲ ಕೇಳೋ ಹಾಗೆ ಕೂಗಿದೆಯಲ್ಲ. ಮಾಡು ಸಹಿ. ಇಲ್ಲಾಂದ್ರೆ, ‘ನಾನು ಕಂಡಿದ್ದು ಸುಳ್ಳು’ ಅಂತ ಈ ನೀರಿನ ಮುಂದೆ ನಿಂತು ಹೇಳು."

ಅವನು ಅವಳ ಮುಖ ನೋಡಿದ, ಹಕ್ಕಿಗಳ ಕಡೆ ನೋಡಿದ. ಪೆನ್ಸಿಲು ತೆಗೆದುಕೊಂಡು, ಹಾಳೆಯನ್ನು ನನ್ನ ಬೆನ್ನಿನ ಮೇಲಿಟ್ಟು ಸಹಿ ಮಾಡಿದ. ಹಾಳೆ ನನ್ನ ಕೈಗಿಟ್ಟು ಕಾರಿನ ಕಡೆಗೆ ನಡೆದ. ಅಕ್ಕ ಅವನ ಬೆನ್ನಿಗೆ ಕೂಗಿದಳು, "ಹೋಗಿ ತೂಬು ತೆಗಿ! ಇವತ್ತೇ ತೆಗಿ! ನನ್ನ ಒಂದು ಹೊಂಡ ಅಷ್ಟು ಹೊಟ್ಟೆಗೆ ಎಷ್ಟು ದಿನ ಸಾಕಾಗುತ್ತೆ?"

ಏಳನೆಯ ತುಂಡು ಉಳಿಯಿತು. ಕಬ್ಬಿಣದ ಕಂಬಗಳನ್ನು ಹಬ್ಬಕ್ಕೆ ಮುಂಚೆ ಲಾರಿಯಲ್ಲಿ ಎಲ್ಲಿಗೋ ಒಯ್ದರು. ಮುಂದಿನ ಚಳಿಗಾಲ ಮತ್ತೆ ತರುತ್ತಾರೋ ಏನೋ, ತಂದರೆ ಬೈಯಲು ನಾವಿದ್ದೇವೆ.

ಆದರೆ ಆ ಬೆಳಿಗ್ಗೆ ಎಲ್ಲರೂ ಹೋದ ಮೇಲೆ ನಾನು ಖುಷಿಯಿಂದ ಚಹಾ ಬಗ್ಗಿಸಿ ಅವಳಿಗೆ ಲೋಟ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ. ಗೆದ್ದವಳ ಮುಖ ಅಲ್ಲ ಅದು. ಅಷ್ಟು ಸಿಟ್ಟನ್ನು ನಾನು ಅವಳಲ್ಲೂ ನೋಡಿರಲಿಲ್ಲ.

"ಏನಾಯ್ತು ಅಕ್ಕ? ಗೆದ್ವಲ್ಲ. ಒಂದು ತಪ್ಪಿದ್ರೆ ಏನಂತೆ?"

"ಒಂದು ತಪ್ಪಿದ್ರೆ ಏನಂತೆ!" ಅವಳು ನನ್ನ ಕೈಯಲ್ಲಿದ್ದ ಲೋಟವನ್ನು ನೋಡಿದಳು. "ಕಣ್ಣೆದುರಿಗೇ ಕೂತಿತ್ತು ಕಣೇ ಆ ಮರಿ. ದೊಡ್ಡದರ ಹಿಂದೆ ಇತ್ತು ಅಂತ ಬಿಟ್ಟುಬಿಟ್ಟೆ. ನಾನೂ, ಮೂರು ಅಂದ ಆ ಮುದುಕ ಎಣಿಸಿದ ಹಾಗೇ ಎಣಿಸಿದ್ನಲ್ಲೇ."